ಕೌದಿ ಎಂಬ ರೂಪಕ, ಅರ್ಧಕ್ಕೆ ನಿಂತ ಹೊಲಿಗೆ

ನಮ್ಮ ಸೌಹಾರ್ದ ಸಮಾವೇಶಗಳಲ್ಲಿ, ಸಾಹಿತ್ಯ ಗೋಷ್ಠಿಗಳಲ್ಲಿ ಕೌದಿಯ ಮಾತು ಬಾರದೆ ಇರುವುದು ಅಪರೂಪ. ಈ ನಾಡು ಒಂದು ಕೌದಿ, ಇದರಲ್ಲಿ ಎಲ್ಲ ಬಣ್ಣದ ತುಂಡುಗಳೂ ಇವೆ, ಯಾವ ತುಂಡೂ ಮೇಲಲ್ಲ ಯಾವುದೂ ಕೀಳಲ್ಲ ಎಂದು ಭಾಷಣಕಾರರು ಹೇಳುತ್ತಾರೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ವಿಮರ್ಶಕರೂ ಹಿಂದೆ ಬಿದ್ದಿಲ್ಲ. ಬಹುತ್ವ, ಕೂಡುಬಾಳ್ವೆ, ದೇಸಿ ಕಥನಕ್ರಮ ಇವಕ್ಕೆಲ್ಲ ಕೈಗೆ ಸುಲಭವಾಗಿ ಸಿಗುವ ರೂಪಕ ಕೌದಿಯೇ. ಮಾತು ಒಳ್ಳೆಯದೇ. ದ್ವೇಷದ ಭಾಷಣಗಳನ್ನು ಕೇಳಿ ಬೇಸತ್ತ ಕಿವಿಗೆ ಹಿತವೂ ಹೌದು. ಆದರೆ ಈ ಕೌದಿಯನ್ನು ಹೊಲಿದವಳು ಯಾರು, ಮನೆಯ ಯಾವ ಮೂಲೆಯಲ್ಲಿ ಕೂತು ಹೊಲಿದಳು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ನಡುನಡುವೆ ಎಷ್ಟು ಸಲ ಎದ್ದು ಹೋದಳು, ಕೊನೆಗೆ ಅದನ್ನು ಮುಗಿಸಿದಳೋ ಇಲ್ಲವೋ ಎಂದು ಈ ರೂಪಕ ಬಳಸುವವರು ಕೇಳಿದ್ದನ್ನು ನಾವು ಕಂಡಿಲ್ಲ. ಕೌದಿ ತಾನೇ ತಾನಾಗಿ ಆದಂತೆ, ತುಂಡುಗಳು ಪರಸ್ಪರ ಪ್ರೀತಿಯಿಂದ ಬಂದು ಅಂಟಿಕೊಂಡಂತೆ ಮಾತು ಸಾಗುತ್ತದೆ. ಸೂಜಿ ಇಲ್ಲ, ದಾರ ಇಲ್ಲ, ಚುಚ್ಚಿಸಿಕೊಂಡ ಬೆರಳಂತೂ ಇಲ್ಲವೇ ಇಲ್ಲ.

ಸೋಜಿಗವೆಂದರೆ ಇದೇ ವಿಮರ್ಶೆಯ ಭಾಷೆಯಲ್ಲಿ ‘ತೇಪೆ’ ಎಂಬುದು ಬೈಗುಳ. ಕತೆಯ ಕೊನೆ ಸರಿಹೋಗದಿದ್ದರೆ ತೇಪೆ ಹಚ್ಚಿದ್ದಾರೆ ಎನ್ನುತ್ತೇವೆ. ಸರ್ಕಾರ ಅರೆಮನಸ್ಸಿನಿಂದ ಏನಾದರೂ ಮಾಡಿದರೆ ಅದು ತೇಪೆ ಕೆಲಸ. ಕೌದಿ ಎಂದರೆ ತೇಪೆಗಳ ಮೊತ್ತ ತಾನೆ? ಮೊತ್ತಕ್ಕೆ ಹೊಗಳಿಕೆ, ಬಿಡಿಗೆ ಬೈಗುಳ! ಉರ್ದುವಿನಲ್ಲಿ ತೇಪೆಗೆ ಪೈವಂದ್ ಎನ್ನುತ್ತಾರೆ. ಗಿಡಕ್ಕೆ ಕಸಿ ಕಟ್ಟುವುದಕ್ಕೂ ಅದೇ ಮಾತು. ಎರಡು ಶಾಲೆಗಳ ಭಾಷೆ ಕಲಿತವರಿಗೆ ಇಂಥ ಕಡೆ ಒಂದು ಸಣ್ಣ ಲಾಭವಿರುತ್ತದೆ. ತೇಪೆ ಎಂದಾಗ ಹರಕು ಕಾಣುತ್ತದೆ, ಪೈವಂದ್ ಎಂದಾಗ ಚಿಗುರು ಕಾಣುತ್ತದೆ.

ಹನ್ನೊಂದನೆಯ ಶತಮಾನದಲ್ಲಿ ಲಾಹೋರಿನಲ್ಲಿ ನೆಲೆಸಿದ್ದ ಸೂಫಿ ಅಲಿ ಹುಜ್ವೇರಿ, ಜನ ದಾತಾ ಗಂಜ್‌ಬಕ್ಷ್ ಎಂದು ಕರೆಯುವವರು, ಫಾರ್ಸಿಯಲ್ಲಿ ಬರೆದ ‘ಕಶ್ಫುಲ್ ಮಹಜೂಬ್’ ಗ್ರಂಥದಲ್ಲಿ ತೇಪೆಯ ಅಂಗಿಯ ಬಗ್ಗೆಯೇ ಒಂದು ಅಧ್ಯಾಯವಿದೆ. ದರ್ವೇಶಿಯಾದವನಿಗೆ ಕನಿಷ್ಠ ಏನು ಗೊತ್ತಿರಬೇಕು ಎಂದು ಅವರು ತೂಸ್ ಪಟ್ಟಣದ ಶೇಖ್ ಅಬುಲ್ ಕಾಸಿಮ್ ಗುರ್ಗಾನಿ ಅವರನ್ನು ಕೇಳುತ್ತಾರೆ. ಶೇಖರು ಮೂರು ಸಂಗತಿ ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದು ತೇಪೆಯನ್ನು ಸರಿಯಾಗಿ ಹೊಲಿಯುವುದು. ಆಲಿಸುವುದು, ಹೆಜ್ಜೆ ಇಡುವುದು ಎಲ್ಲ ಆಮೇಲೆ. ಸರಿಯಾದ ತೇಪೆ ಯಾವುದು ಎಂಬ ಚರ್ಚೆಯೂ ಅಲ್ಲಿದೆ. ಸೂಜಿ ಎಲ್ಲಿ ತಲೆ ಎತ್ತುತ್ತದೋ ಅಲ್ಲಿ ಎಳೆದರೆ ಸಾಕು ಎನ್ನುವವರದು ಒಂದು ಪಕ್ಷ, ಹೊಲಿಗೆ ನೇರವಾಗಿ ಒಪ್ಪವಾಗಿರಬೇಕು ಎನ್ನುವವರದು ಇನ್ನೊಂದು. ಹುಜ್ವೇರಿಯವರ ತೀರ್ಮಾನ ಬೇರೆ. ತೋರಿಕೆಗೆ ಹಚ್ಚಿದ ತೇಪೆ ನೇರವಿದ್ದರೂ ತಪ್ಪು, ಬಡತನಕ್ಕಾಗಿ ಹಚ್ಚಿದ್ದು ಸೊಟ್ಟವಿದ್ದರೂ ಸರಿ. ಹೆಸರು ಗಳಿಸಲು ತೇಪೆಯ ಅಂಗಿ ತೊಟ್ಟು ತಿರುಗುವವರ ಬಗ್ಗೆ ಅವರಿಗೆ ಸಿಟ್ಟಿತ್ತು. ನಮ್ಮ ವೇದಿಕೆಯ ಕೌದಿ ಇದರಲ್ಲಿ ಯಾವ ಬಗೆಯದು ಎಂಬುದನ್ನು ಓದುಗರೇ ನಿರ್ಧರಿಸಲಿ.

ರೂಪಕವನ್ನು ಪಕ್ಕಕ್ಕಿಟ್ಟು ಕೌದಿಯನ್ನೇ ಒಮ್ಮೆ ನೋಡೋಣ. ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಅದು ಕೌದಿ. ದಖನಿ ಮಾತಾಡುವ ಮನೆಗಳಲ್ಲಿ ಗುದಡಿ. ಉಟ್ಟು ಸವೆದ ಸೀರೆ, ಧೋತರ, ಲುಂಗಿ, ಓಢನಿಗಳು ಒಳಗಿನ ಪದರ. ಮೇಲೆ ಚೌಕ, ಮುಕ್ಕೋನೆ, ಪಟ್ಟಿಗಳಾಗಿ ಕತ್ತರಿಸಿದ ತುಂಡುಗಳು. ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ, ಹೊಲಿಯುವವಳು ಅದರ ಮೇಲೆಯೇ ಕೂತು, ಅಂಚಿನಿಂದ ಸಾಲು ಹಿಡಿದು ಸುತ್ತುತ್ತ ಸುತ್ತುತ್ತ ಒಳಗೆ ಬರುತ್ತಾಳೆ. ಇದನ್ನು ರೂಪಕಪ್ರಿಯರು ಗಮನಿಸಬೇಕು. ಕೆಲಸ ಶುರುವಾಗುವುದು ಅಂಚಿನಲ್ಲಿ. ನಡು ಹಿಡಿತಕ್ಕೆ ಬರುವುದು ಎಲ್ಲಕ್ಕಿಂತ ಕೊನೆಗೆ. ಹೀಗಾಗಿ ಅರ್ಧಕ್ಕೆ ನಿಂತ ಕೌದಿಯ ಅಂಚು ಗಟ್ಟಿ, ನಡು ಸಡಿಲ. ಹಾಗೆಯೇ ಹೊದೆಯಬಹುದು, ಆದರೆ ಒಗೆಯಲಾಗದು. ಹಳ್ಳಕ್ಕೆ ಒಯ್ದು ಬಂಡೆಗೆ ಬಡಿದರೆ ಒಳಗಿನ ಪದರಗಳೆಲ್ಲ ಜರುಗಿ ಮುದ್ದೆಯಾಗುತ್ತವೆ.

ಹೀಗೆ ನಿಂತುಹೋದ ಕೌದಿಗಳು ನಮ್ಮ ಎಷ್ಟು ಮನೆಗಳ ಟ್ರಂಕುಗಳಲ್ಲಿಲ್ಲ! ಬುಕ್ಚಾದಲ್ಲಿ ಕಟ್ಟಿ, ಮೇಲೆ ಬೇವಿನ ಸೊಪ್ಪೋ ನುಸಿಗುಳಿಗೆಯೋ ಹಾಕಿ ಇಟ್ಟ ಗಂಟುಗಳು. ನಿಂತದ್ದಕ್ಕೆ ಕಾರಣ ಕೇಳಿದರೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ಅಂಚಿಗೆ ಒಂದೇ ಬಣ್ಣದ ಬಟ್ಟೆ ಸಾಲಲಿಲ್ಲ. ಮಳೆ ಬಿತ್ತು, ಹೊಲದ ಕೆಲಸ ಬಂತು. ಹೆರಿಗೆ ಆಯಿತು. ಸಂಸಾರ ಗುಳೆ ಹೋಯಿತು. ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ ಮೊಮ್ಮಗಳು ಮದುವೆಯಾಗಿ ಹೋದಳು. ಈ ಕಾರಣಗಳನ್ನು ಸಾಲಾಗಿ ಬರೆದರೆ ಅದೇ ಒಂದು ಸಾಮಾಜಿಕ ಚರಿತ್ರೆಯಾಗುತ್ತದೆ. ಆದರೆ ಎಲ್ಲ ಕಾರಣಗಳ ಅಡಿಯಲ್ಲಿ ಸಾಮಾನ್ಯವಾದ ಒಂದು ಕಾರಣವಿದೆ, ಅದನ್ನು ಯಾರೂ ಕಾರಣವೆಂದು ಹೇಳುವುದಿಲ್ಲ. ಅದು ಜಾಗ. ಕೌದಿ ಹೊಲಿಯಲು ಒಬ್ಬರು ಕೈಕಾಲು ಚಾಚಿ ಮಲಗುವುದಕ್ಕಿಂತ ಹೆಚ್ಚು ನೆಲ ಬೇಕು, ಅದೂ ಬೆಳಕಿರುವ ನೆಲ. ಹಳ್ಳಿಯ ಮನೆಗಳಲ್ಲಿ ಪಡಸಾಲೆಯಿದೆ, ಮುಂದೆ ಅಂಗಳವಿದೆ. ಪೇಟೆಯ ಮೊಹಲ್ಲಾದ ಎರಡು ಕೋಣೆಯ ಮನೆಯಲ್ಲಿ ಏನಿದೆ? ದಸ್ತರ್‌ಖಾನ್ ಹಾಸುವ ನೆಲವೇ ಜಾನಮಾಜ್ ಹಾಸುವ ನೆಲ, ಅದೇ ಮಕ್ಕಳು ಓದುವ ನೆಲ, ರಾತ್ರಿ ಅದೇ ಹಾಸಿಗೆಯ ನೆಲ. ಹೊಲಿಯುವವಳು ಪ್ರತಿಸಲ ಹಾಸಬೇಕು, ಪ್ರತಿಸಲ ಮಡಚಬೇಕು. ಎರಡು ತಾಸು ಸಿಕ್ಕರೆ ಅದರಲ್ಲಿ ಅರ್ಧ ತಾಸು ಇದಕ್ಕೇ ಹೋಗುತ್ತದೆ. ಮಡಚಿದ್ದನ್ನು ಬಿಚ್ಚಲು ಮನಸ್ಸಾಗದ ಒಂದು ದಿನ ಬರುತ್ತದೆ. ಕೌದಿ ನಿಲ್ಲುವುದು ಆ ದಿನ.

ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆಯುವ ಹೆಣ್ಣಿಗೆ ಹಣ ಬೇಕು, ಸ್ವಂತದ ಕೋಣೆ ಬೇಕು ಎಂದರು. ನಮ್ಮ ಸ್ತ್ರೀವಾದಿ ವಿಮರ್ಶೆ ಆ ಮಾತನ್ನು ಬಹಳ ಸಲ ಉದ್ಧರಿಸಿದೆ. ಹೊಲಿಯುವ ಹೆಣ್ಣಿಗೆ ಕೋಣೆ ಬೇಕೆಂದು ಯಾರೂ ಹೇಳಿದಂತಿಲ್ಲ. ಹೊಲಿಗೆ ಎಲ್ಲಿಯಾದರೂ ನಡೆಯುತ್ತದೆ ಎಂಬ ಗ್ರಹಿಕೆಯೇ ಅದನ್ನು ಕೆಲಸವೆಂದು ಎಣಿಸದಿರುವ ಗ್ರಹಿಕೆ. ಬಡ ಹೆಂಗಸರಿಗೆ ಹೊಲಿಗೆ ಯಂತ್ರ ಹಂಚುವ ಸಮಾರಂಭಗಳನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆ ಯಂತ್ರ ಹತ್ತು ಅಡಿಯ ಕೋಣೆಯಲ್ಲಿ ಎಲ್ಲಿ ಕೂರಬೇಕು, ಕಿಟಕಿ ಇದೆಯೇ, ಕತ್ತರಿಸಲು ಹಲಗೆಯ ಬದಲು ಏನು ಮಾಡುತ್ತಾಳೆ ಎಂಬುದು ಅರ್ಜಿಯ ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ. ಕೆಲವು ಮನೆಗಳಲ್ಲಿ ಅಂಥ ಯಂತ್ರದ ಮೇಲೆ ಟೀವಿ ಕೂತಿರುವುದನ್ನು ನೋಡಿ ‘ಕೊಟ್ಟರೂ ಉಪಯೋಗಿಸುವುದಿಲ್ಲ’ ಎನ್ನುವವರಿದ್ದಾರೆ. ಟೀವಿಗೂ ಜಾಗ ಬೇಕಲ್ಲವೆ?

ಕನ್ನಡದ ಮುಸ್ಲಿಂ ಕತೆಗಳಲ್ಲಿ, ಅಷ್ಟೇ ಏಕೆ ಒಟ್ಟು ಕನ್ನಡ ಕತೆಗಳಲ್ಲಿ, ಹೊಲಿಗೆ ಬರುವುದು ಬಹುತೇಕ ಒಂದು ಸಾಲಾಗಿ. ತಲಾಖ್ ಆದವಳು ಅಥವಾ ಗಂಡ ತೀರಿದವಳು ಮಷಿನ್ ತುಳಿದು ಮಕ್ಕಳನ್ನು ಸಾಕಿದಳು. ಅಲ್ಲಿಗೆ ಮುಗಿಯಿತು. ಬಡತನವೂ ಬಂತು, ಸ್ವಾಭಿಮಾನವೂ ಬಂತು, ಕತೆ ಮುಂದೆ ಹೋಯಿತು. ಕತೆ ಬರೆಯುವ ನಮಗೆ ಆ ಸಾಲಿನ ಅನುಕೂಲ ಗೊತ್ತು. ಬಟ್ಟೆಯನ್ನೇ ಕತೆಯ ನಡುವಿಗೆ ತಂದವರು ನಮ್ಮಲ್ಲೂ ಇಲ್ಲವೆಂದಲ್ಲ. ಬಾನು ಮುಷ್ತಾಕ್ ಅವರ ಒಂದು ಕತೆಯಲ್ಲಿ ಹಜ್ ಯಾತ್ರೆಗೆ ಹೊರಟ ಅನುಕೂಲಸ್ಥ ಹೆಂಗಸಿಗೆ ಬಡ ಯಾಸೀನ್ ಬುವಾ ದುಡ್ಡು ಕೊಟ್ಟು ಝಮ್‌ಝಮ್ ನೀರಿನಲ್ಲಿ ಅದ್ದಿದ ಕಫನ್ ತರಲು ಹೇಳುತ್ತಾಳೆ. ಹೋದಾಕೆ ಮರೆತುಬಿಡುತ್ತಾಳೆ. ಒಂದು ತುಂಡು ಬಿಳಿ ಬಟ್ಟೆ ಅಲ್ಲಿ ವರ್ಗಗಳ ಅಂತರವನ್ನು ಅಳೆಯುವ ಗಜಕಡ್ಡಿಯಾಗುತ್ತದೆ. ಆದರೆ ಸೂಜಿ ಹಿಡಿದ ಕೈಯನ್ನು, ಆ ಕೈ ಕೆಲಸ ಮಾಡುವ ಜಾಗವನ್ನು ಇಡೀ ಕತೆಯ ಉದ್ದಕ್ಕೂ ನೋಡುವ ಬರಹ ಬೇಕೆಂದರೆ ನಾವು ಉರ್ದುವಿನ ಕಡೆ ತಿರುಗಬೇಕಾಗುತ್ತದೆ.

ಇಸ್ಮತ್ ಚುಗ್ತಾಯಿ ಎಂದರೆ ಎಲ್ಲರಿಗೂ ತಟ್ಟನೆ ನೆನಪಾಗುವುದು ‘ಲಿಹಾಫ್’. 1942ರಲ್ಲಿ ‘ಅದಬೆ ಲತೀಫ್’ ಪತ್ರಿಕೆಯಲ್ಲಿ ಬಂದ ಆ ಕತೆಗೆ ಅಶ್ಲೀಲತೆಯ ಆರೋಪ ಹೊರಿಸಿ ಲಾಹೋರಿನ ಕೋರ್ಟಿಗೆ ಎಳೆದರು. ಅಶ್ಲೀಲವಾದ ಪದ ಯಾವುದೆಂದು ಸಾಕ್ಷಿಗಳಿಗೆ ತೋರಿಸಲು ಆಗದೆ ಕೇಸು ಬಿದ್ದುಹೋಯಿತು. ಲಿಹಾಫಿನ ಒಳಗೆ ಏನಿದೆ ಎಂದು ನೋಡುವ ಕುತೂಹಲ ಅಂದಿನಿಂದ ಇಂದಿನವರೆಗೆ ತಗ್ಗಿಲ್ಲ. ಅದೇ ಲೇಖಕಿಯ ‘ಚೌಥಿ ಕಾ ಜೋಡಾ’ ಇದಕ್ಕಿಂತ ದೊಡ್ಡ ಕತೆ ಎಂಬುದು ನಮ್ಮ ಅಭಿಪ್ರಾಯ. ಮದುವೆಯ ನಾಲ್ಕನೆಯ ದಿನದ ಶಾಸ್ತ್ರಕ್ಕೆ ಮದುಮಗಳು ತೊಡುವ ಉಡುಪು ಚೌಥಿಯ ಜೋಡಾ. ಇಲ್ಲಿ ಕೌದಿ ಇಲ್ಲ, ನಿಜ. ಆದರೆ ಹೊಲಿಗೆಯ ಜಾಗ ಮತ್ತು ಮುಗಿಯದ ಹೊಲಿಗೆ, ಎರಡೂ ಈ ಕತೆಯ ಜೀವ.

ಮೂರು ಕಮಾನಿನ ಜಗಲಿ, ಸೆಹ್‌ದರಿ, ಅಲ್ಲಿ ಒಗೆದ ಹಾಸು ಹಾಸುವುದರೊಂದಿಗೆ ಕತೆ ತೊಡಗುತ್ತದೆ. ಅದು ದಿನನಿತ್ಯದ ಜಗಲಿಯೇ. ಹಾಸು ಬಿದ್ದ ಕ್ಷಣದಿಂದ ಅದು ಬೇರೆ ಜಾಗವಾಗುತ್ತದೆ. ನೆರೆಯ ಹೆಂಗಸರು ಉಸಿರು ಹಿಡಿದು ಸುತ್ತ ಕೂರುತ್ತಾರೆ. ಕುಬ್ರಾಳ ತಾಯಿ ಬಟ್ಟೆ ಅಳೆಯುತ್ತಾಳೆ, ಎಳೆ ನೋಡುತ್ತಾಳೆ, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಕೇರಿಯಲ್ಲಿ ಯಾರಿಗೆ ಬಟ್ಟೆ ಕಡಿಮೆ ಬಿದ್ದರೂ ಅವಳ ಹತ್ತಿರ ಬರುತ್ತಾರೆ. ಸಾಲದ ಬಟ್ಟೆಯಲ್ಲಿ ಸಾಲುವಂತೆ ಕತ್ತರಿಸುವ ವಿದ್ಯೆ ಅವಳದು. ಆ ಹಾಸಿನ ಮೇಲೆ ಅವಳ ಮಾತೇ ಕೊನೆಯ ಮಾತು. ಹಾಸು ಮಡಚಿದರೆ ಅವಳು ಗಂಡ ಸತ್ತ, ಬೆಳೆದ ಮಗಳನ್ನು ಮನೆಯಲ್ಲಿಟ್ಟುಕೊಂಡ ಬಡ ಹೆಂಗಸು, ಅಷ್ಟೇ. ಒಂದು ಹಾಸಿನ ಅಗಲದಲ್ಲಿ ಒಬ್ಬ ಹೆಣ್ಣಿಗೆ ದೊರೆಯುವ ಯಜಮಾನಿಕೆ ಎಷ್ಟು, ಅದರ ಆಯಸ್ಸು ಎಷ್ಟು ಎಂಬುದನ್ನು ಚುಗ್ತಾಯಿ ಒಂದು ಮಾತೂ ವಿವರಣೆ ಕೊಡದೆ ತೋರಿಸುತ್ತಾರೆ.

ಮಗಳ ಜೋಡಾ ಮುಗಿಯುವುದಿಲ್ಲ. ಸೋದರ ಸಂಬಂಧಿ ರಾಹತ್ ಪೊಲೀಸ್ ತರಬೇತಿಗೆಂದು ಬಂದು ಮನೆಯಲ್ಲಿ ಉಳಿಯುತ್ತಾನೆ. ಇದ್ದ ಚೂರುಪಾರು ಒಡವೆ ಮಾರಿ ಅವನಿಗೆ ಪರಾಠ, ಕೋಫ್ತಾ ಮಾಡಿ ಹಾಕುತ್ತಾರೆ. ಕುಬ್ರಾ ಎದುರಿಗೆ ಬಾರದೆ ಅವನಿಗಾಗಿ ದುಡಿಯುತ್ತಾಳೆ. ಅವನು ತಿಂದುಂಡು, ತಂಗಿ ಹಮೀದಾಳ ಮೇಲೂ ಕೈಮಾಡಿ, ಬೇರೆ ಕಡೆ ಗೊತ್ತಾಗಿದ್ದ ಮದುವೆಗೆ ಹೊರಟುಹೋಗುತ್ತಾನೆ. ಕ್ಷಯ ಕುಬ್ರಾಳನ್ನು ಮುಗಿಸುತ್ತದೆ. ಆಮೇಲೆ ಅದೇ ಸೆಹ್‌ದರಿಯಲ್ಲಿ ಮತ್ತೆ ಹಾಸು ಬೀಳುತ್ತದೆ, ಮತ್ತೆ ಹೆಂಗಸರು ಸೇರುತ್ತಾರೆ, ತಾಯಿ ಬಿಳಿ ಲಟ್ಟಾ ಬಟ್ಟೆಗೆ ಕತ್ತರಿ ಹಚ್ಚುತ್ತಾಳೆ. ಅವಳ ಮುಖದಲ್ಲಿ ನೆಮ್ಮದಿಯಿದೆ. ಈ ಒಂದು ಜೋಡಾ ಮಾತ್ರ ಖಂಡಿತ ಹೊಲಿದು ಮುಗಿಯುತ್ತದೆ ಎಂಬ ಭರವಸೆಯಿಂದ ಬಂದ ನೆಮ್ಮದಿ. ಮುಗಿಸುವುದು ಒಳ್ಳೆಯದು, ಅರ್ಧಕ್ಕೆ ಬಿಡುವುದು ಸೋಮಾರಿತನ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಆ ಮಾತನ್ನು ಈ ಕತೆ ಓದಿದ ಮೇಲೆ ಹಗುರವಾಗಿ ಹೇಳಲು ಬಾಯಿ ಬಾರದು.

ಬಂಗಾಳದಲ್ಲಿ ಜಸೀಮುದ್ದೀನ್ ಅವರ ‘ನಕ್ಷಿ ಕಾಂಥಾರ್ ಮಾಠ್’ ಇದೆ, 1929ರ ಕಥನಕಾವ್ಯ. ಮುಸ್ಲಿಂ ರೈತರ ಬದುಕು, ಜನಪದ ಹಾಡಿನ ಧಾಟಿ. ಗಲಭೆಯೊಂದರಲ್ಲಿ ಸಿಕ್ಕಿ ಗಂಡ ರೂಪಾಯ್ ಊರು ಬಿಟ್ಟು ಓಡಿಹೋಗುತ್ತಾನೆ. ಹೆಂಡತಿ ಸಾಜು ಕಾಯುತ್ತ ಕಾಯುತ್ತ ತಮ್ಮ ಬಾಳಿನ ಕತೆಯನ್ನೆಲ್ಲ ಕಾಂಥಾದ ಮೇಲೆ ಸೂಜಿಯಲ್ಲಿ ಬಿಡಿಸುತ್ತಾಳೆ. ಅವಳು ಸತ್ತ ಮೇಲೆ ಆ ಕಾಂಥಾ ಗೋರಿಯ ಮೇಲೆ ಹಾಸಲ್ಪಡುತ್ತದೆ, ತಡವಾಗಿ ಮರಳಿದ ಗಂಡ ಅದನ್ನೇ ಹೊದ್ದು ಅಲ್ಲೇ ಸಾಯುತ್ತಾನೆ. ಕಾವ್ಯ ಬಹಳ ಜನಪ್ರಿಯ, ಇಂಗ್ಲಿಷಿಗೂ 1939ರಲ್ಲೇ ಹೋಯಿತು. ನಮಗೆ ಇದರಲ್ಲಿ ಒಂದು ತಕರಾರಿದೆ. ಇಲ್ಲಿಯ ಕಾಂಥಾ ಪೂರ್ತಿ ಗಂಡನಿಗೆ ಬರೆದ ಪತ್ರ. ಹೊಲಿದವಳಿಗೆ ಅದನ್ನು ಹೊದೆಯುವ ಭಾಗ್ಯ ಗೋರಿಯಲ್ಲಿ ಮಾತ್ರ. ಜಸೀಮುದ್ದೀನ್ ದೊಡ್ಡ ಕವಿ, ಹಳ್ಳಿಯ ಹೆಂಗಸರ ಕೆಲಸವನ್ನು ಕಣ್ಣಾರೆ ಕಂಡವರು. ಆದರೂ ಹೊಲಿಗೆಯನ್ನು ವಿರಹಕ್ಕೆ ಕಟ್ಟಿಹಾಕಿದರು. ನಿಜವಾದ ಕಾಂಥಾಗಳಲ್ಲಿ ಆನೆ, ಮೀನು, ದೋಣಿ, ಪಲ್ಲಕ್ಕಿ ಏನೆಲ್ಲ ಇರುತ್ತದೆ! ಅವನ್ನು ಹೊಲಿದ ಎಲ್ಲ ಹೆಂಗಸರೂ ಗಂಡನಿಗಾಗಿ ಅಳುತ್ತ ಕೂತಿರಲಿಲ್ಲ.

ಅಮೆರಿಕದ ಕತೆಗಾರ್ತಿ ಆಲಿಸ್ ವಾಕರ್ ಅವರ ‘ಎವೆರಿಡೇ ಯೂಸ್’ 1973ರದು. ದಕ್ಷಿಣದ ಹಳ್ಳಿಯಲ್ಲಿ ಕಪ್ಪು ಜನಾಂಗದ ತಾಯಿ, ಇಬ್ಬರು ಹೆಣ್ಣುಮಕ್ಕಳು. ಅಜ್ಜಿ ತುಂಡು ಜೋಡಿಸಿಟ್ಟದ್ದನ್ನು ಆಮೇಲೆ ತಾಯಿ ಮತ್ತು ಅವಳ ಸೋದರಿ ಮನೆಮುಂದಿನ ಜಗಲಿಯಲ್ಲಿ ಚೌಕಟ್ಟಿಗೆ ಬಿಗಿದು ಹೊಲಿದು ಮುಗಿಸಿದ ಎರಡು ಕೌದಿಗಳು ಟ್ರಂಕಿನಲ್ಲಿವೆ. ಅಂದರೆ ಒಬ್ಬಳು ಬಿಟ್ಟುಹೋದದ್ದನ್ನು ಇನ್ನಿಬ್ಬರು ಪೂರೈಸಿದ ಕೌದಿಗಳು. ಅಜ್ಜಿಯ ಉಡುಪು, ಅಜ್ಜನ ಅಂಗಿ, ಅಂತರ್ಯುದ್ಧದಲ್ಲಿ ಮುತ್ತಜ್ಜ ತೊಟ್ಟ ಸಮವಸ್ತ್ರದ ಬೆಂಕಿಪೊಟ್ಟಣದಷ್ಟು ಚೂರು ಅವುಗಳಲ್ಲಿವೆ. ಓದಿ ಪಟ್ಟಣ ಸೇರಿದ ಹಿರಿಮಗಳು ಡೀ ಬಂದು ಅವು ತನಗೆ ಬೇಕೆನ್ನುತ್ತಾಳೆ, ಗೋಡೆಗೆ ತೂಗುಹಾಕಲು. ಮನೆಯಲ್ಲೇ ಉಳಿದ ಮ್ಯಾಗಿ ದಿನವೂ ಹೊದ್ದು ಹರಿದುಹಾಕುತ್ತಾಳೆ ಎಂಬುದು ಅವಳ ಆತಂಕ. ತಾಯಿ ಡೀಯ ಕೈಯಿಂದ ಕಿತ್ತು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ. ಹರಿದರೆ ಹರಿಯಲಿ, ಮ್ಯಾಗಿಗೆ ಹೊಲಿಯಲು ಬರುತ್ತದೆ.

ನಮ್ಮ ಸಂಸ್ಕೃತಿ ಚಿಂತಕರು ಬಹುಮಟ್ಟಿಗೆ ಡೀಯ ಪಕ್ಷದವರು. ಹಾಗೆಂದು ಡೀಯನ್ನು ಪೂರ್ತಿ ಖಂಡಿಸಲೂ ನಮಗೆ ಇಷ್ಟವಿಲ್ಲ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ, ಗುಲಾಮರ ಸಂತತಿಯ ಹೆಂಗಸರು ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ನಂತರ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಗೋಡೆಗೆ ಏರಿಸಿದ ಮೇಲೆಯೇ ಜಗತ್ತು ಅವುಗಳನ್ನು ಕಲೆ ಎಂದು ನೋಡಿದ್ದು. 2006ರಲ್ಲಿ ಅಂಚೆಚೀಟಿಗಳೂ ಬಂದವು. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳೂ 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಆಫ್ರಿಕದಿಂದ ಬಂದವರ ವಂಶದ ಈ ಸಿದ್ದಿಗಳಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. ತಮ್ಮ ಕೌದಿಗೆ ಅವರು ಕವಂದಿ ಎನ್ನುತ್ತಾರೆ. ಕೆಲವರ ಕವಂದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಚಂದ್ರ. ಅವುಗಳನ್ನು ಅಧ್ಯಯನ ಮಾಡಿದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಎಲ್ಲ ಹೊಲಿದಾದ ಮೇಲೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಹಚ್ಚುತ್ತಾರೆ. ಅದಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಚಳಿ ತಡೆಯಲು ಆ ಹೂವಿನಿಂದ ಏನೂ ಪ್ರಯೋಜನವಿಲ್ಲ. ಹಾಗಾದರೆ ಬಡವರದು ಬರೀ ಉಪಯೋಗ, ಅಂದವೆಲ್ಲ ಮ್ಯೂಸಿಯಂನವರದು ಎಂಬ ವಾದ ನಿಲ್ಲುವುದಿಲ್ಲ. ವಾಕರ್ ಅವರ ಕತೆಯೂ ಇಲ್ಲಿ ತುಸು ಸರಳವಾಗಿಬಿಟ್ಟಿದೆ ಎನಿಸುತ್ತದೆ. ಹೊದೆಯುವವಳಿಗೂ ನೋಡುವ ಕಣ್ಣಿದೆ.

ಅರ್ಧಕ್ಕೆ ನಿಂತ ಕೌದಿಯನ್ನೇ ಓದಲು ಕಲಿಸುವ ಬರಹ ಸೂಸನ್ ಗ್ಲಾಸ್ಪೆಲ್ ಅವರದು. 1916ರಲ್ಲಿ ‘ಟ್ರೈಫಲ್ಸ್’ ಎಂಬ ಏಕಾಂಕವಾಗಿ, 1917ರಲ್ಲಿ ‘ಎ ಜ್ಯೂರಿ ಆಫ್ ಹರ್ ಪಿಯರ್ಸ್’ ಎಂಬ ಕತೆಯಾಗಿ ಬಂದದ್ದು. ಅಯೋವಾದ ಒಂಟಿ ತೋಟದ ಮನೆ. ಮಲಗಿದ್ದ ಜಾನ್ ರೈಟ್‌ನನ್ನು ಯಾರೋ ಹಗ್ಗ ಬಿಗಿದು ಕೊಂದಿದ್ದಾರೆ. ಹೆಂಡತಿ ಮಿನ್ನಿ ಜೈಲಿನಲ್ಲಿದ್ದಾಳೆ. ಷರೀಫ, ವಕೀಲ, ನೆರೆಯ ರೈತ ಹೇಲ್ ಸುಳಿವು ಹುಡುಕಲು ಬರುತ್ತಾರೆ, ಅವರೊಂದಿಗೆ ಇಬ್ಬರು ಹೆಂಗಸರು. ಗಂಡಸರು ಮಹಡಿ, ಕೊಟ್ಟಿಗೆ ಎಂದು ಓಡಾಡುತ್ತಾರೆ. ಹೆಂಗಸರು ಅಡುಗೆಮನೆಯಲ್ಲಿ ಉಳಿಯುತ್ತಾರೆ. ಇಲ್ಲಿ ಬರೀ ಸಾಮಾನುಗಳಿವೆ ಎಂದು ಗಂಡಸರು ತೀರ್ಮಾನಿಸಿ ಹೋದ ಜಾಗ ಅದು.

ಆ ಅಡುಗೆಮನೆಯಲ್ಲಿ ಎಲ್ಲವೂ ಅರ್ಧ. ಮೇಜು ಅರ್ಧ ಒರೆಸಿದೆ. ಸಕ್ಕರೆ ಅರ್ಧ ಡಬ್ಬಿಯಲ್ಲಿ, ಅರ್ಧ ಚೀಲದಲ್ಲಿ. ನೋಡುತ್ತಿರುವ ಶ್ರೀಮತ್ತಿ ಹೇಲ್ ತಾನೂ ಹಿಟ್ಟನ್ನು ಅರ್ಧ ಜರಡಿ ಹಿಡಿದು ಬಿಟ್ಟು ಬಂದವಳು. ಹಾಗಾಗಿ ಅವಳಿಗೆ ತಿಳಿಯುತ್ತದೆ, ಗೃಹಿಣಿ ಕೆಲಸವನ್ನು ನಡುವೆ ಬಿಟ್ಟಿದ್ದಾಳೆಂದರೆ ನಡುವೆ ಏನೋ ನಡೆದಿದೆ. ಮನೆಗೆಲಸ ಮಾಡದವರಿಗೆ ಅರೆಬರೆ ಎಂದರೆ ಅಸಡ್ಡೆ. ವಕೀಲ ಹಾಗೆಯೇ ಅಂದುಕೊಳ್ಳುತ್ತಾನೆ. ಮಾಡುವವರಿಗೆ ಅದು ಗಡಿಯಾರ ನಿಂತ ಸಮಯ.

ಹೊಲಿಗೆಯ ಬುಟ್ಟಿಯಲ್ಲಿ ಕೌದಿಯ ತುಂಡುಗಳಿವೆ. ಪದರಗಳನ್ನು ಉದ್ದಕ್ಕೂ ಹೊಲಿಯಬೇಕೆಂದಿದ್ದಳೋ, ಅಲ್ಲಲ್ಲಿ ಗಂಟು ಹಾಕಿ ಬಿಡಬೇಕೆಂದಿದ್ದಳೋ ಎಂದು ಹೆಂಗಸರು ಮಾತಾಡಿಕೊಳ್ಳುವುದು ಕೇಳಿ ಗಂಡಸರು ನಗುತ್ತಾರೆ. ಆಮೇಲೆ ಒಂದು ಚೌಕ ಅವರ ಕೈಗೆ ಬರುತ್ತದೆ. ಉಳಿದೆಲ್ಲ ಚೌಕಗಳಲ್ಲಿ ಹೊಲಿಗೆ ಒಪ್ಪವಾಗಿದೆ, ಇದರಲ್ಲಿ ಮಾತ್ರ ದಿಕ್ಕಾಪಾಲು. ಕೈ ನಡುಗಿದೆ. ಶ್ರೀಮತಿ ಹೇಲ್ ಏನೂ ಹೇಳದೆ ಆ ಕೆಟ್ಟ ಹೊಲಿಗೆ ಬಿಚ್ಚಿ, ಸೂಜಿಗೆ ದಾರ ಪೋಣಿಸಿ, ಸರಿಯಾಗಿ ಹೊಲಿಯತೊಡಗುತ್ತಾಳೆ. ಷರೀಫನ ಹೆಂಡತಿ ಗಾಬರಿಯಾಗುತ್ತಾಳೆ. ಮುಂದೆ ಅದೇ ಬುಟ್ಟಿಯಲ್ಲಿ, ರೇಷ್ಮೆಯಲ್ಲಿ ಸುತ್ತಿಟ್ಟ, ಕುತ್ತಿಗೆ ಮುರಿದ ಹಾಡುಹಕ್ಕಿ ಸಿಗುತ್ತದೆ. ಕೊಲೆಯ ಕಾರಣ ಸಿಕ್ಕಂತಾಯಿತು. ಇಬ್ಬರೂ ಅದನ್ನು ಮುಚ್ಚಿಡುತ್ತಾರೆ.

ಈ ಕತೆ ನಿಜ ಘಟನೆಯೊಂದರಿಂದ ಬಂದದ್ದು. 1900ರ ಡಿಸೆಂಬರಿನಲ್ಲಿ ಅಯೋವಾದ ರೈತ ಜಾನ್ ಹೊಸಾಕ್ ಕೊಲೆಯಾದ. ಪತ್ರಕರ್ತೆಯಾಗಿದ್ದ ಗ್ಲಾಸ್ಪೆಲ್ ಆ ಮೊಕದ್ದಮೆಯನ್ನು ವರದಿ ಮಾಡಿದರು. 1901ರಲ್ಲಿ ಹೆಂಡತಿ ಮಾರ್ಗರೆಟ್‌ಗೆ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು, 1903ರ ಮರುವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡು ಸಲವೂ ಜ್ಯೂರಿಯಲ್ಲಿ ಕೂತವರು ಗಂಡಸರೇ. ಕತೆಯ ಹೆಸರಿನ ಅರ್ಥ, ಅವಳ ಸಮಾನರ ಜ್ಯೂರಿ ಎಂದು.

ನಮ್ಮನ್ನು ಕಾಡುವುದು ಶ್ರೀಮತಿ ಹೇಲ್ ಹೊಲಿಗೆ ಬಿಚ್ಚುವ ಆ ಕ್ಷಣ. ಅದು ಸಾಕ್ಷ್ಯನಾಶ, ಅದು ಗೆಳೆತನ. ತಡವಾಗಿ ಬಂದ ನೆರವೂ ಹೌದು. ಇಷ್ಟು ವರ್ಷ ನೆರೆಮನೆಯಲ್ಲಿದ್ದೂ ಹೋಗಿ ನೋಡದ ಅಳುಕು ಆ ಸೂಜಿಯಲ್ಲಿದೆ. ಕತೆಯ ಒಳಗೆ ಅವಳು ಮಾಡಿದ್ದು ಸರಿ. ಗಂಡಸರ ಕೈಗೆ ಸಿಕ್ಕಿದ್ದರೆ ಆ ನಡುಗಿದ ಹೊಲಿಗೆ ನೇಣಿನ ಹಗ್ಗವಾಗುತ್ತಿತ್ತು. ಆದರೆ ನಮ್ಮ ಟ್ರಂಕುಗಳಲ್ಲಿರುವ ಗಂಟುಗಳಿಗೆ ಅಂಥ ಭಯವಿಲ್ಲ. ಅಲ್ಲಿ ಬಿಚ್ಚುವ ಅವಸರ ಏಕೆ? ಈಚೆಗೆ ಹಳೆಯ ಕೌದಿಗಳನ್ನು ಹೊರತೆಗೆದು ಪೂರ್ತಿ ಮಾಡಿಸುವ ಉಮೇದು ಕೆಲವು ಮನೆಗಳಲ್ಲಿ ಕಾಣುತ್ತಿದೆ. ಸಂತೋಷದ ಸಂಗತಿ. ಆದರೆ ಹೊಲಿಯುವವರಿಗೆ ಕೊಡುವಾಗ, ಹಳೆಯ ಹೊಲಿಗೆ ಸೊಟ್ಟಗಿದೆ, ಬಿಚ್ಚಿ ಹೊಸದಾಗಿ ಹಾಕಿ ಎನ್ನುವವರೂ ಇದ್ದಾರೆ. ಬಿಚ್ಚಿದರೆ ಕೌದಿ ಚೆಂದವಾಗುತ್ತದೆ. ಎಪ್ಪತ್ತು ದಾಟಿದ ಕಣ್ಣು ಎಲ್ಲಿಂದ ಮಸುಕಾಯಿತು, ಯಾವ ಸಾಲಿನಿಂದ ಬೇರೆ ಕೈ ಬಂತು, ಎಲ್ಲಿ ದಾರ ಮುಗಿದು ಸೀರೆಯ ಅಂಚಿನಿಂದ ಎಳೆದ ಎಳೆ ಬಂತು, ಎಲ್ಲ ಹೋಗುತ್ತದೆ. ಆ ಹೆಂಗಸರು ಬರೆಯಲು ಕಲಿತಿರಲಿಲ್ಲ. ಇದ್ದದ್ದು ಇಷ್ಟೇ ಅಕ್ಷರ.

ಮುಗಿಸುವುದಾದರೆ ಬೇರೆ ಬಣ್ಣದ ದಾರದಲ್ಲಿ, ಹಳೆಯ ಸಾಲು ನಿಂತಲ್ಲಿಂದ ಮುಂದುವರಿಸಬಹುದು. ಹೆಸರು ಗೊತ್ತಿದ್ದರೆ ಒಂದು ಮೂಲೆಯಲ್ಲಿ ಹೆಸರು ಹೊಲಿಯಬಹುದು, ಕನ್ನಡದಲ್ಲೋ ಉರ್ದುವಿನಲ್ಲೋ. ಆಲಿಸ್ ವಾಕರ್ ತಮ್ಮ ಒಂದು ಪ್ರಬಂಧದಲ್ಲಿ ಸ್ಮಿತ್ಸೋನಿಯನ್ ಮ್ಯೂಸಿಯಂನ ಒಂದು ಅಪೂರ್ವ ಕೌದಿಯ ಬಗ್ಗೆ ಬರೆದಿದ್ದಾರೆ. ಅದರ ಕೆಳಗಿನ ಚೀಟಿಯಲ್ಲಿ ಇದ್ದದ್ದು ಅಲಬಾಮಾದ ಅನಾಮಿಕ ಕಪ್ಪು ಹೆಂಗಸು ಎಂದಷ್ಟೇ. ಅದಕ್ಕೂ ಮೊದಲು ಒಂದು ಕೆಲಸವಿದೆ. ಗಂಟು ಬಿಚ್ಚುವವರು ಮೊದಲು ಕೈಯಾಡಿಸಿ ಸೂಜಿ ಹುಡುಕಬೇಕು. ನಿಲ್ಲಿಸಿ ಎದ್ದವಳು ಬೇಗ ಮರಳುತ್ತೇನೆಂದು ಅದನ್ನು ಬಟ್ಟೆಯಲ್ಲೇ ಚುಚ್ಚಿಟ್ಟಿರುತ್ತಾಳೆ. ಎಷ್ಟೋ ಕೌದಿಗಳಲ್ಲಿ ಸೂಜಿ ತುಕ್ಕು ಹಿಡಿದು ಮುರಿದಿರುತ್ತದೆ, ಬಟ್ಟೆಗೆ ಕಂದು ಕಲೆ ಇಳಿದಿರುತ್ತದೆ. ಆ ಕಲೆ ಒಗೆದರೂ ಹೋಗುವುದಿಲ್ಲ.